ನೀರು ಹುಯ್ದರೆ ನಾಣ್ಯ ಏಳುತ್ತದೆ!

‘ಬೆಳಕಿನ ವಕ್ರೀಭವನ’ ಅಂದರೆ ಸಾಕು, ಹೈಸ್ಕೂಲು ಮಕ್ಕಳ ಮುಖ ಸಪ್ಪಗಾಗುತ್ತದೆ. ವ್ಯಾಖ್ಯೆಯೂ ಬಾಯಿಪಾಠ, ಚಿತ್ರವೂ ಬಾಯಿಪಾಠ. ಆದರೆ ಸೋದರಿಯರೇ, ಇದನ್ನು ತರಗತಿಯಲ್ಲಿ ಕಣ್ಣಾರೆ ತೋರಿಸಲು ಬೇಕಾದ ಸಾಮಾನೆಲ್ಲ ನಮ್ಮ ಅಡಿಗೆಮನೆಯಲ್ಲೇ ಇದೆ. ಒಂದು ಸ್ಟೀಲ್ ಬೋಗುಣಿ, ಒಂದು ರೂಪಾಯಿ ನಾಣ್ಯ, ಚೂರು ಕಲಸಿದ ಹಿಟ್ಟು ಮಕ್ಕಳ ಕೈಲಿ ಕಳಿಸಿದರೆ ಮೇಷ್ಟ್ರು ಬೇಡ ಅನ್ನಲಾರರು.

ನಾಣ್ಯವನ್ನು ಹಿಟ್ಟಿನಿಂದ ಬೋಗುಣಿಯ ತಳಕ್ಕೆ ಅಂಟಿಸಬೇಕು. ಇಲ್ಲದಿದ್ದರೆ ‘ನೀರಿಗೆ ಜರುಗಿತು ಸಾರ್’ ಅಂತ ತಕರಾರು ಬರುತ್ತದೆ. ಬೋಗುಣಿಯನ್ನು ಮೇಜಿನ ಮೇಲಿಟ್ಟು, ನೋಡುವ ಮಗು ನಾಣ್ಯದ ಮೇಲೆ ಕಣ್ಣಿಟ್ಟೇ ಹಿಂದೆ ಸರಿಯಲಿ. ಅಂಚು ಅಡ್ಡ ಬಂದು ನಾಣ್ಯ ಮರೆಯಾದೊಡನೆ ಅಲ್ಲೇ ನಿಲ್ಲಲಿ, ತಲೆ ಅಲ್ಲಾಡಿಸಕೂಡದು. ಈಗ ಇನ್ನೊಬ್ಬರು ಚೊಂಬಿನಿಂದ ನಿಧಾನವಾಗಿ ನೀರು ಹುಯ್ಯಲಿ. ನೀರು ಏರಿದಂತೆ ನಾಣ್ಯ ಮೆಲ್ಲಗೆ ಎದ್ದು ಬಂದ ಹಾಗೆ ಕಾಣುತ್ತದೆ. ಆಗ ಮಕ್ಕಳ ಗಲಾಟೆ ಕೇಳಬೇಕು! (ನಲವತ್ತು ಮಕ್ಕಳಿಗೆ ಒಂದೇ ಬೋಗುಣಿ ಸಾಲದು, ಐದಾರಾದರೂ ಬೇಕು.)

ನಾಣ್ಯ ಎದ್ದಿಲ್ಲ, ಬಾಗಿದ್ದು ಬೆಳಕು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವ ಬೆಳಕು ನೀರಿನೊಳಗೆ ಸುಮಾರು 2.25 ಲಕ್ಷಕ್ಕೆ ಇಳಿಯುತ್ತದೆ. ನೀರಿನಿಂದ ಓರೆಯಾಗಿ ಹೊರಬರುವಾಗ ವೇಗ ಬದಲಾಗಿ ದಾರಿಯೂ ಬಾಗುತ್ತದೆ. ಇದೇ ವಕ್ರೀಭವನ. ಕಣ್ಣಿಗೆ ಈ ತಿರುವು ತಿಳಿಯದು. ಬೆಳಕು ನೇರ ಬಂತೆಂದುಕೊಂಡು ನಾಣ್ಯವನ್ನು ಇಲ್ಲದ ಎತ್ತರದಲ್ಲಿ ಕಾಣುತ್ತದೆ. ನಂಬದ ಮಗುವಿಗೆ ಊದುಬತ್ತಿಯ ಕಡ್ಡಿ ಕೊಟ್ಟು, ಓರೆಯಾಗಿ ಗುರಿಯಿಟ್ಟು ಒಂದೇ ಸಲಕ್ಕೆ ನಾಣ್ಯ ಮುಟ್ಟು ಅನ್ನಿ. ಕಡ್ಡಿ ನಾಣ್ಯವನ್ನು ದಾಟಿ ಆಚೆಗೆ ತಾಗುತ್ತದೆ. ಈಟಿಯಿಂದ ಮೀನು ಹೊಡೆಯುವವರು ಮೀನು ಕಂಡ ಜಾಗಕ್ಕಿಂತ ಕೆಳಗೆ ಗುರಿ ಇಡುವುದು ಇದಕ್ಕೇ.

ಪಾಠ ಇಲ್ಲಿಗೇ ನಿಲ್ಲಬಾರದು ಅನ್ನುವುದು ನನ್ನ ಹಟ. ಬೋಗುಣಿಯ ಜಾಗದಲ್ಲಿ ಊರ ಕಲ್ಯಾಣಿಯನ್ನೋ ಹೊಲದ ಕೃಷಿ ಹೊಂಡವನ್ನೋ ಇಟ್ಟು ನೋಡಿ. ತಿಳಿನೀರನ್ನು ನೇರ ಮೇಲಿನಿಂದ ಬಗ್ಗಿ ನೋಡಿದರೆ ಆಳ ಮುಕ್ಕಾಲು ಪಾಲು ಮಾತ್ರ ಕಾಣುತ್ತದೆ. 4 ಅಡಿ ಇದ್ದದ್ದು 3 ಅಡಿ, 8 ಅಡಿ ಇದ್ದದ್ದು 6 ಅಡಿ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ‘ತಳ ಕಾಣ್ತಾ ಇದೆ ಕಣೋ, ಎದೆಮಟ್ಟ ಅಷ್ಟೇ’ ಅಂತ ಇಳಿಯುವ ಈಜು ಬಾರದ ಹುಡುಗನಿಗೆ, ಕಾಣದೆ ಹೋದ ಆ ಒಂದೆರಡು ಅಡಿ ಸಾಕು. ಕೃಷಿ ಹೊಂಡದ ಇಳಿಜಾರಿಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರಂತೂ ಜಾರಿದವರಿಗೆ ಹತ್ತಲು ಹಿಡಿತವೇ ಸಿಗದು.

ಬೇಸಿಗೆ ರಜೆ ಬಂತೆಂದರೆ ‘ನೀರಿನ ಹತ್ತಿರ ಹೋಗಬೇಡ’ ಅಂತ ನಾವು ನೂರು ಸಲ ಕೂಗುತ್ತೇವೆ, ಅವರು ಕೇಳಿಸಿಕೊಳ್ಳುವುದಿಲ್ಲ. ಒಂದು ಸಲ ಕೂಗುವ ಬದಲು ಬಕೆಟ್ ತುಂಬ ನೀರು ಹಿಡಿದು ಮುಂದಿಡಿ. ಮೇಲಿನಿಂದ ನೋಡಿ, ತಳ ಎಷ್ಟು ಆಳದಲ್ಲಿ ಕಾಣುತ್ತದೆಂದು ಬಕೆಟ್ಟಿನ ಹೊರಗೆ ಬೆರಳಿಟ್ಟು ತೋರಿಸಲಿ. ಆಮೇಲೆ ಒಂದು ಕೋಲು ಇಳಿಸಿ ತಾವೇ ಅಳೆಯಲಿ. ನೀರು ಗಿಡಕ್ಕಾಯಿತು.