ಹೊತ್ತುಗೊತ್ತು ಬಲ್ಲ ಎಚ್ಚರಿಕೆ

ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ಸುತ್ತಮುತ್ತ ತೆಂಗಿಗೆ ನೀರು ಬಿಡುವ ಹೊತ್ತನ್ನು ತ್ರೀ ಫೇಸ್ ಕರೆಂಟೇ ಗೊತ್ತು ಮಾಡುತ್ತದೆ. ದಿನಕ್ಕೆ ಕೆಲವೇ ಗಂಟೆ. ಪಾಳಿ ಒಮ್ಮೆ ಹಗಲು, ಒಮ್ಮೆ ರಾತ್ರಿ. ಸರಿರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಹೋಗುವ ಪಾಡು ತಪ್ಪಿಸಿದ್ದು ಮೊಬೈಲ್ ಸ್ಟಾರ್ಟರ್. ಸಿಮ್ ಹಾಕಿದ ಈ ಪೆಟ್ಟಿಗೆ ಮೋಟಾರಿನ ವೋಲ್ಟೇಜು, ಆಂಪ್ಸು ನೋಡುತ್ತಿದ್ದು, ಹದ ತಪ್ಪಿದರೆ ಮೋಟಾರ್ ನಿಲ್ಲಿಸಿ ಮನೆಗೆ ಸುದ್ದಿ ಮುಟ್ಟಿಸುತ್ತದೆ.

ಹದ ಯಾವುದೆಂದು ಹೇಳಿಕೊಡಬೇಕಾದವರು ನಾವು. ಬೋರ್‌ವೆಲ್ ಬರಿದಾದರೆ ಪಂಪಿಗೆ ಎತ್ತಲು ಭಾರವಿಲ್ಲ, ಆಂಪ್ಸ್ ಇಳಿಯುತ್ತದೆ. ಕರೆಂಟು ಉಳಿಯಿತೆಂದು ಸುಮ್ಮನಿರುವಂತಿಲ್ಲ. ಸಬ್‌ಮರ್ಸಿಬಲ್ ಮೋಟಾರನ್ನು ತಣ್ಣಗಿಡುವುದೇ ಅದರ ಮೈ ಸವರಿ ಹರಿಯುವ ನೀರು. ಅದಿಲ್ಲದೆ ಓಡಿದರೆ ವೈಂಡಿಂಗ್ ಸುಡುತ್ತದೆ. ಇದು ಕೆಳಗಿನ ಗಡಿ. ಮೇಲಿನ ಗಡಿ ಓವರ್‌ಲೋಡಿಗೆ. ಓಡುತ್ತಿರುವಾಗ ಒಂದು ಫೇಸ್ ಹೋದರೆ ಉಳಿದೆರಡರಲ್ಲಿ ಕರೆಂಟು ಸುಮಾರು 1.7 ಪಟ್ಟಾಗುತ್ತದೆ. ಶಾಖ ಕರೆಂಟಿನ ವರ್ಗದಂತೆ ಏರುವುದರಿಂದ ಆ ಸುರುಳಿಗಳಲ್ಲಿ ಬಿಸಿ ಹೆಚ್ಚುಕಡಿಮೆ ಮೂರು ಪಟ್ಟು.

ಆದರೆ ಬರೀ ಅಂಕಿ ಸಾಲದು. ಚಾಲೂ ಆಗುವ ಗಳಿಗೆಯಲ್ಲಿ ಮೋಟಾರ್ ಐದಾರು ಪಟ್ಟು ಕರೆಂಟು ಎಳೆಯುವುದು ಸಹಜ. ಆ ಕೆಲವು ಸೆಕೆಂಡು ಪೆಟ್ಟಿಗೆ ತಾಳಿಕೊಳ್ಳಬೇಕು. ಪಾಳಿ ಮುಗಿದ ಮೇಲೆ ‘ಫೇಸ್ ಇಲ್ಲ’ ಎಂಬ ಮೆಸೇಜು ದಂಡ. ಪಾಳಿಯ ನಡುವೆ ಬಂದರೆ ಅದೇ ಮೆಸೇಜಿಗೆ ಎದ್ದು ಓಡಬೇಕು. ಬೇಸಿಗೆಯಲ್ಲಿ ನೀರು ಆಳಕ್ಕಿಳಿದಾಗ ಪಂಪು ಎತ್ತುವ ನೀರೂ ಎಳೆಯುವ ಆಂಪ್ಸೂ ಸಾಮಾನ್ಯವಾಗಿ ಕಡಿಮೆ. ಮಳೆಗಾಲದಲ್ಲಿ ಇಟ್ಟ ಕೆಳಗಡಿಯನ್ನು ಹಾಗೇ ಬಿಟ್ಟರೆ, ನೀರು ಬರುತ್ತಿದ್ದರೂ ಮೋಟಾರ್ ನಿಲ್ಲಬಹುದು. ನನಗೆ ನಿಜವಾದ ಭಯ ಇಲ್ಲೇ. ನಾಲ್ಕು ಸಲ ಸುಮ್ಮಸುಮ್ಮನೆ ನಿಂತರೆ ಬೇಸತ್ತವರು ರಕ್ಷಣೆಯನ್ನೇ ತಪ್ಪಿಸಿ ಡೈರೆಕ್ಟ್ ಕೊಟ್ಟುಬಿಡುತ್ತಾರೆ. ಆಮೇಲೆ ಸುಟ್ಟ ಮೋಟಾರನ್ನು ನೂರಾರು ಅಡಿಯಿಂದ ಮೇಲೆತ್ತಿಸುವಷ್ಟರಲ್ಲಿ ಸಸಿಗಳು ಬಾಡಿರುತ್ತವೆ.

ಬೆಂಗಳೂರಿನ ಸರ್ವರ್ ಕೋಣೆಗಳನ್ನು ಕಾಯುವ ತಂತ್ರಾಂಶಕ್ಕೂ ಇದೇ ಪಾಠ. ರಾತ್ರಿ 2 ಗಂಟೆಗೆ ಬ್ಯಾಕಪ್ ನಡೆಯುವಾಗ ಸಿಪಿಯು 90% ಮುಟ್ಟಿದರೆ ಅದು ಕೆಲಸ. ಭಾನುವಾರ ಮಧ್ಯಾಹ್ನ ಮುಟ್ಟಿದರೆ ಅನುಮಾನ. ಅದಕ್ಕೇ 1999ರಲ್ಲಿ ನೆಟ್‌ಸೇಂಟ್ ಹೆಸರಿನಲ್ಲಿ ಶುರುವಾದ ನಾಗಿಯೋಸ್‌ನಂಥ ತಂತ್ರಾಂಶಗಳಲ್ಲಿ ಯಾವ ವಾರ, ಯಾವ ಗಂಟೆಗೆ ಯಾರನ್ನು ಎಬ್ಬಿಸಬೇಕೆಂದು ಬರೆದಿಡಬಹುದು. ಬ್ಯಾಕಪ್ ಹೊತ್ತಿನಲ್ಲಿ ಎಚ್ಚರಿಕೆಯ ಬಾಯಿಯನ್ನೇ ಕಟ್ಟಿಬಿಡುವುದು ಸುಲಭ, ಆದರೆ ಅಪಾಯ. ಗಡಿಯನ್ನು 98ಕ್ಕೆ ಏರಿಸಿಡುವುದು ಮೇಲು. ಜೊತೆಗೆ ಕೆಳಗೂ ಒಂದು ಗಡಿ ಬೇಕು: 2 ಗಂಟೆಗೆ ಸಿಪಿಯು ತಣ್ಣಗಿದ್ದರೆ ಬ್ಯಾಕಪ್ ಶುರುವೇ ಆಗಿಲ್ಲ.

ತೋಟದಲ್ಲೂ ಹಾಗೆಯೇ. ಪಾಳಿ ಬಂದು ಕಾಲು ಗಂಟೆಯಾದರೂ ಆಂಪ್ಸ್ ಸೊನ್ನೆಯಾಗಿದ್ದರೆ ಮೊಬೈಲು ಕೂಗಬೇಕು. ಪಾಳಿ ರಾತ್ರಿಯಿಂದ ಹಗಲಿಗೆ ಬದಲಾದ ದಿನವೇ ಪೆಟ್ಟಿಗೆಯ ವೇಳೆಯೂ ಬದಲಾಗಬೇಕು. ಮೂರೂ ಫೇಸ್ ಒಂದೆರಡು ನಿಮಿಷ ಸ್ಥಿರವಾಗಿ ನಿಂತದ್ದನ್ನು ತಾನೇ ನೋಡಿ, ಪಾಳಿ ಬಂತೆಂದು ಲೆಕ್ಕ ಶುರುಮಾಡುವ ಪೆಟ್ಟಿಗೆಯಾದರೆ ಗಡಿಯಾರ ತಿದ್ದುವ ಕೆಲಸವೂ ತಪ್ಪುತ್ತದೆ.