ರಾತ್ರಿ ರೇಡಿಯೋಗೆ ಹೊಕ್ಕ ಸುಯ್ ಸದ್ದು

2007ರ ಸೆಪ್ಟೆಂಬರ್ 14, ಶುಕ್ರವಾರ. ಹೊತ್ತು ಮುಳುಗಿದ ಮೇಲೂ ಎ.ಎಂ. ಕೇಂದ್ರಗಳು ಡಿಜಿಟಲ್ ಪ್ರಸಾರ ನಡೆಸಬಹುದು ಎಂಬ ನಿಯಮ ಅಮೆರಿಕದಲ್ಲಿ ಜಾರಿಗೆ ಬಂದದ್ದು ಅಂದು. ಅಲ್ಲಿಯವರೆಗೆ ಹಗಲಿಗಷ್ಟೇ ಅನುಮತಿಯಿತ್ತು. ರಾತ್ರಿ ರೇಡಿಯೋ ಮುಳ್ಳು ತಿರುಗಿಸುತ್ತ ದೂರದೂರುಗಳನ್ನು ಹುಡುಕುವವರಿಗೆ, ದೊಡ್ಡ ಕೇಂದ್ರಗಳ ಎಡಬಲದಲ್ಲಿ, ಹೆಂಚಿನ ಮೇಲೆ ಮಳೆ ಹೊಯ್ದಂಥ ಸದ್ದು ಕೇಳತೊಡಗಿತು. ಮಿಂಚಿನ ಕರಕರ ಬಂದು ಹೋಗುತ್ತದೆ. ಇದು ಹೋಗುತ್ತಿರಲಿಲ್ಲ.

ದೂರು ಕೊಟ್ಟವರಲ್ಲಿ ನ್ಯೂಯಾರ್ಕ್ ರಾಜ್ಯದ ಏವನ್ ಎಂಬ ಸಣ್ಣ ಊರಿನ ಕೇಂದ್ರವೊಂದರ ಮಾಲೀಕರೂ ಇದ್ದರು. ಅವರ ಡಬ್ಲ್ಯುವೈಎಸ್‌ಎಲ್ ಇರುವುದು 1040 ಕಿಲೋಹರ್ಟ್ಸ್‌ನಲ್ಲಿ. ಪಕ್ಕದ 1030, ಐನೂರು ಕಿಲೋಮೀಟರಿಗೂ ದೂರದ ಬಾಸ್ಟನ್ನಿನ ಡಬ್ಲ್ಯುಬಿಜಡ್‌ನದು. 1921ರಲ್ಲಿ ಶುರುವಾದ ಹಳೆಯ ಕೇಂದ್ರ. ಶಕ್ತಿ 50 ಕಿಲೋವ್ಯಾಟ್. ಏವನ್ನಿನ ಕೇಂದ್ರಕ್ಕೆ ರಾತ್ರಿ ಇದ್ದದ್ದು ಅರ್ಧ ಕಿಲೋವ್ಯಾಟ್. ಬಾಸ್ಟನ್ನಿನ ಡಿಜಿಟಲ್ ಸದ್ದು ತಮ್ಮ ಕೇಳುಗರನ್ನು ಕಸಿಯುತ್ತಿದೆ ಎಂದು ಅವರು ಪ್ರಸಾರಗಳನ್ನು ನಿಯಂತ್ರಿಸುವ ಫೆಡರಲ್ ಕಮ್ಯುನಿಕೇಶನ್ಸ್ ಕಮಿಷನ್ನಿನ ಬಾಗಿಲು ತಟ್ಟಿದರು.

ಅವರ ಮಾತಿನಲ್ಲಿ ಹುರುಳಿತ್ತು. ಅಮೆರಿಕದ ಎ.ಎಂ. ಕೇಂದ್ರಗಳು ಹತ್ತತ್ತು ಕಿಲೋಹರ್ಟ್ಸ್ ಅಂತರದಲ್ಲಿ ಸಾಲಾಗಿ ಕೂತಿವೆ. ಐಬಿಕ್ವಿಟಿ ಕಂಪನಿ ರೂಪಿಸಿ, 2002ರಲ್ಲಿ ಕಮಿಷನ್ ಒಪ್ಪಿದ ಎಚ್‌ಡಿ ರೇಡಿಯೋ ಪದ್ಧತಿಯಲ್ಲಿ ಹಳೆಯ ಪ್ರಸಾರ ನಡುವೆ ಇರುತ್ತದೆ, ಡಿಜಿಟಲ್ ಸಂಕೇತ ಅದರ ಇಕ್ಕೆಲಗಳಲ್ಲಿ 15 ಕಿಲೋಹರ್ಟ್ಸ್‌ವರೆಗೂ ಚಾಚುತ್ತದೆ. ಅಂದರೆ 1030ರ ಡಿಜಿಟಲ್ ಪಟ್ಟಿಯ ಒಂದು ಪಾಲು 1040ರಿಂದ 1045ರವರೆಗಿನ ಜಾಗದಲ್ಲೇ ಕೂರುತ್ತದೆ. ಬೇಲಿ ದಾಟಿ ಪಕ್ಕದ ಹೊಲದಲ್ಲಿ ಬಿತ್ತನೆ ಮಾಡಿದ ಹಾಗೆ. ಹಗಲಲ್ಲಿ ಇದು ಅಷ್ಟು ತಿಳಿಯುವುದಿಲ್ಲ. ರಾತ್ರಿಯಾಯಿತೆಂದರೆ ತರಂಗಗಳನ್ನು ಹೀರಿಕೊಳ್ಳುವ ಅಯಾನುಗೋಳದ ಕೆಳಪದರ ಕರಗುತ್ತದೆ, ಮೇಲಿನ ಪದರ ಅವನ್ನು ನೂರಾರು ಮೈಲಿ ಆಚೆಗೆ ಮರಳಿ ಇಳಿಸುತ್ತದೆ. ದೂರದೂರಿನ ದನಿಯನ್ನು ಮನೆಗೆ ತರುವ ಆಕಾಶವೇ ಈ ಸದ್ದನ್ನೂ ಹೊತ್ತು ತಂದಿತು.

ಈ ಜಗಳದಲ್ಲಿ ಮರೆಯಬಾರದ ಹೆಸರು ಲೆನಾರ್ಡ್ ಕಾನ್. ಎ.ಎಂ. ಸ್ಟೀರಿಯೋಗೆ ತಮ್ಮದೇ ಪದ್ಧತಿ ಕಟ್ಟಿ ವರ್ಷಗಟ್ಟಲೆ ಹೋರಾಡಿದ ಎಂಜಿನಿಯರ್. 1980ರಲ್ಲಿ ಕಮಿಷನ್ ಒಂದು ಸ್ಟೀರಿಯೋ ಪದ್ಧತಿಯನ್ನು ಆರಿಸಿ ಹಿಂದೆಗೆಯಿತು, 1982ರಲ್ಲಿ ನಿರ್ಧಾರವನ್ನು ಮಾರುಕಟ್ಟೆಗೆ ಬಿಟ್ಟಿತು. ಕೊನೆಗೆ 1993ರಲ್ಲಿ ಮೋಟೊರೋಲಾದ ಪದ್ಧತಿಯನ್ನು ಒಪ್ಪುವ ಹೊತ್ತಿಗೆ ಜನ ಎಫ್.ಎಂ.ಗೆ ಹೋಗಿಯಾಗಿತ್ತು. ಆ ಗಾಯ ಹೊತ್ತೇ ಕಾನ್ ಡಿಜಿಟಲ್ ವಿವಾದಕ್ಕೂ ಇಳಿದರು. ನೆರೆಯ ಕೇಂದ್ರವನ್ನು ಕೆಡಿಸದೆ ಡಿಜಿಟಲ್ ತರಬಹುದೆಂದು ಕ್ಯಾಮ್-ಡಿ ಎಂಬ ಬದಲಿ ದಾರಿಯನ್ನೂ ಮುಂದಿಟ್ಟರು. ಅದು ಬಳಕೆಗೆ ಬರಲಿಲ್ಲ. ಅವರು 2012ರಲ್ಲಿ ತೀರಿಕೊಂಡರು.

ದೂರದ ಕೇಳುಗರ ಅಳಲು ಯಾಕೆ ಕಡತದಲ್ಲೇ ಉಳಿಯಿತು? ಕಾನೂನು ಕಾಯುವುದು ಪ್ರತಿ ಕೇಂದ್ರಕ್ಕೆ ಗೊತ್ತುಮಾಡಿದ ವ್ಯಾಪ್ತಿಯನ್ನು. ಅದರಾಚೆ ಕೂತು, ಕಿವಿಗೊಟ್ಟು, ಮೂರನೇ ರಾಜ್ಯದ ಸುದ್ದಿ ಕೇಳುವವರಿಗೆ ಲೆಕ್ಕದಲ್ಲಿ ಜಾಗವಿಲ್ಲ. ರಾತ್ರಿ ರೇಡಿಯೋದ ಸೊಗಸೆಲ್ಲ ಇದ್ದದ್ದು ಆ ಗೆರೆಯಾಚೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಹೋದದ್ದು ತಪ್ಪು.

ಪ್ರಸಾರಕರಿಗೂ ರಾತ್ರಿಯ ಡಿಜಿಟಲ್ ದಕ್ಕಲಿಲ್ಲ. ಎಚ್‌ಡಿ ರೇಡಿಯೋ ಪೆಟ್ಟಿಗೆ ಇದ್ದ ಮನೆಗಳು ಕಡಿಮೆ, ಸದ್ದು ಕೇಳುವ ಮನೆಗಳು ಹೆಚ್ಚು. ಸಿಟಡೆಲ್ ಕಂಪನಿ ಕೆಲವೇ ತಿಂಗಳಲ್ಲಿ ತನ್ನ ಎ.ಎಂ. ಕೇಂದ್ರಗಳ ರಾತ್ರಿಯ ಡಿಜಿಟಲ್ ಪ್ರಸಾರ ನಿಲ್ಲಿಸಿತು. ಬೇರೆಯವರೂ ಒಬ್ಬೊಬ್ಬರಾಗಿ ಕೈಬಿಟ್ಟರು. 2018ರಲ್ಲಿ ಮೇರಿಲ್ಯಾಂಡಿನ ಫ್ರೆಡರಿಕ್ ಊರಿನ 820 ಕಿಲೋಹರ್ಟ್ಸ್ ಕೇಂದ್ರ ಹಳೆಯ ಪ್ರಸಾರವನ್ನೇ ತೆಗೆದು ಪೂರ್ತಿ ಡಿಜಿಟಲ್ ಆಯಿತು. ಪೂರ್ತಿ ಡಿಜಿಟಲ್ ಸಂಕೇತ ಕಡಿಮೆ ಜಾಗ ಹಿಡಿಯುತ್ತದೆ. 2020ರಲ್ಲಿ ಕಮಿಷನ್ ಎಲ್ಲ ಎ.ಎಂ. ಕೇಂದ್ರಗಳಿಗೂ ಆ ದಾರಿ ತೆರೆಯಿತು. ಹಳೆಯ ಟ್ರಾನ್ಸಿಸ್ಟರಿಗೆ ಮಾತ್ರ ಅಲ್ಲಿ ಕೇಳಲು ಏನೂ ಉಳಿಯುವುದಿಲ್ಲ.

ಭಾರತ ಆರಿಸಿಕೊಂಡದ್ದು ಡಿಆರ್‌ಎಂ ಎಂಬ ಬೇರೆ ಡಿಜಿಟಲ್ ಪದ್ಧತಿ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಪ್ರೇಷಕವೂ ಅದಕ್ಕೆ ಸಜ್ಜಾಗಿದೆ. ಅದರ ಸಂಕೇತವೂ ಹಳೆಯ ರೇಡಿಯೋದಲ್ಲಿ ಸುಯ್ ಎಂದೇ ಕೇಳಬಹುದು. ಆದ್ದರಿಂದ ಮನೆಯಲ್ಲಿ ಮೀಡಿಯಂ ವೇವ್ ರೇಡಿಯೋ ಉಳಿಸಿಕೊಂಡವರಲ್ಲಿ ಒಂದು ಕೋರಿಕೆ: ಪ್ರಸಾರದ ಮೇಲೆ ಬಿಡದ ಸುಯ್ ಸದ್ದು ಕೇಳಿದರೆ ಸುಮ್ಮನೆ ಆರಿಸಿಬಿಡಬೇಡಿ. ದಿನ, ಗಂಟೆ, ಕಿಲೋಹರ್ಟ್ಸ್, ನಿಮ್ಮ ಊರು ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಆಕಾಶವಾಣಿಗೆ ಕಳಿಸಿ.