ಹೆಚ್ಚುವರಿ ಸಾವು: ಒಂದು ವ್ಯವಕಲನದ ಕಥೆ

2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಕೋವಿಡ್‌ನ ಎರಡನೆಯ ಅಲೆ ಭಾರತದಲ್ಲಿ ಎಷ್ಟು ಜನರನ್ನು ಬಲಿ ತೆಗೆದುಕೊಂಡಿತು? ಸರ್ಕಾರದ ಲೆಕ್ಕದಂತೆ ಆ ಇಡೀ ವರ್ಷದಲ್ಲಿ ಕೋವಿಡ್‌ನಿಂದ ಸತ್ತವರು ಸುಮಾರು 3.3 ಲಕ್ಷ. ಸೋಂಕು ದೃಢಪಟ್ಟು ಸತ್ತವರು ಮಾತ್ರ ಈ ಲೆಕ್ಕಕ್ಕೆ ಸೇರುತ್ತಾರೆ. ಪರೀಕ್ಷೆಯೇ ಆಗದೆ ಮನೆಯಲ್ಲಿ ಕೊನೆಯುಸಿರೆಳೆದವರು ಸೇರುವುದಿಲ್ಲ. ಆ ವರ್ಷ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಕಾಲು ಭಾಗಕ್ಕಿಂತ ಕಡಿಮೆ. ಹಾಗಾದರೆ ಉಳಿದವರ ವಿಷಯ ತಿಳಿಯುವುದು ಹೇಗೆ?

ಇದಕ್ಕೊಂದು ಹಳೆಯ ಉಪಾಯವಿದೆ. 1847ರಲ್ಲಿ ಲಂಡನ್ ನಗರದಲ್ಲಿ ಇನ್‌ಫ್ಲುಯೆಂಜ ಹರಡಿದಾಗ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞ ಸಾವಿನ ಕಾರಣವನ್ನು ಬದಿಗಿಟ್ಟು, ಒಟ್ಟು ಸಾವುಗಳಿಂದ ಮಾಮೂಲು ದಿನಗಳಲ್ಲಿ ಆಗುತ್ತಿದ್ದ ಸಾವುಗಳನ್ನು ಕಳೆದ. ಉಳಿದದ್ದೇ ಹೆಚ್ಚುವರಿ ಸಾವು. ಲೆಕ್ಕ ಪ್ರಾಥಮಿಕ ಶಾಲೆಯದು. ಕಷ್ಟವಿರುವುದು ಕಳೆಯಬೇಕಾದ ಸಂಖ್ಯೆಯಲ್ಲಿ, ಅಂದರೆ ಪಿಡುಗು ಬಾರದೇ ಇದ್ದಿದ್ದರೆ ಎಷ್ಟು ಜನ ಸಾಯುತ್ತಿದ್ದರು ಎಂಬ ನಿರೀಕ್ಷಿತ ಸಂಖ್ಯೆಯಲ್ಲಿ.

ನಮ್ಮ ಜನನ-ಮರಣ ನೋಂದಣಿಯ ಅಂಕಿಗಳನ್ನೇ ತೆಗೆದುಕೊಳ್ಳೋಣ. ದೇಶದಲ್ಲಿ ನೋಂದಣಿಯಾದ ಸಾವುಗಳು 2017ರಲ್ಲಿ 64.6 ಲಕ್ಷ, 2018ರಲ್ಲಿ 69.5 ಲಕ್ಷ, 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ. 2021ರ ಅಂಕಿ ಹೊರಬಂದದ್ದು 2025ರ ಮೇ ತಿಂಗಳಲ್ಲಿ: 102.2 ಲಕ್ಷ.

2020ಕ್ಕೆ ಹೋಲಿಸಿದರೆ ಹೆಚ್ಚಳ 21 ಲಕ್ಷ. ಆದರೆ 2020 ಸಹ ಪಿಡುಗಿನ ವರ್ಷವೇ. 2019ಕ್ಕೆ ಹೋಲಿಸಿದರೆ 25.8 ಲಕ್ಷ. ಇದೂ ಸರಿಯಲ್ಲ. ಏಕೆಂದರೆ 2017ರಿಂದ 2019ರವರೆಗೆ ನೋಂದಣಿ ವರ್ಷಕ್ಕೆ ಸರಾಸರಿ 5.9 ಲಕ್ಷದಂತೆ ಏರುತ್ತಲೇ ಇತ್ತು. ಸಾಯುವವರು ಅಷ್ಟು ಬೇಗ ಹೆಚ್ಚಿದರೆಂದಲ್ಲ, ನೋಂದಾಯಿಸುವವರು ಹೆಚ್ಚಿದರು. ಈ ಏರಿಕೆ ಹಾಗೆಯೇ ಮುಂದುವರಿದಿದ್ದರೆ 2021ರಲ್ಲಿ 88.2 ಲಕ್ಷ ಸಾವುಗಳು ದಾಖಲಾಗುತ್ತಿದ್ದವು. ಆಗ ಹೆಚ್ಚುವರಿ 14 ಲಕ್ಷ, ಅಂದರೆ ನಿರೀಕ್ಷಿತಕ್ಕಿಂತ ಸುಮಾರು ಶೇ. 16 ಅಧಿಕ. ವಿದ್ಯಾರ್ಥಿಗಳಿಂದ ಈ ಮೂರೂ ಲೆಕ್ಕಗಳನ್ನು ಮಾಡಿಸಿ ನೋಡಿ. ಒಂದೇ ದತ್ತಾಂಶ ಮೂರು ಉತ್ತರ ಕೊಡುತ್ತದೆ. ಮೂರರಲ್ಲಿ ಅತಿ ಚಿಕ್ಕದೂ 3.3 ಲಕ್ಷದ ನಾಲ್ಕು ಪಟ್ಟು ಮೀರುತ್ತದೆ.

14 ಲಕ್ಷವೇ ಕೊನೆಯ ಮಾತೆಂದು ಭಾವಿಸಬೇಕಾಗಿಲ್ಲ. ನೋಂದಣಿಯೇ ಆಗದ ಸಾವುಗಳು ಇದರಾಚೆ ಇವೆ. 2020ರಲ್ಲಿ ಸತ್ತು 2021ರಲ್ಲಿ ದಾಖಲಾದವರು ಒಳಗಿದ್ದಾರು. ಇನ್ನೊಂದು ಮಾತು: ಹೆಚ್ಚುವರಿ ಸಾವೆಲ್ಲ ಕೋವಿಡ್ ಸಾವಲ್ಲ. ಡಯಾಲಿಸಿಸ್ ತಪ್ಪಿಹೋಗಿ ಸತ್ತವರೂ ಇದರಲ್ಲಿ ಸೇರುತ್ತಾರೆ. ಎದುರು ದಿಕ್ಕಿನಲ್ಲಿ, ಲಾಕ್‌ಡೌನ್ ಕೆಲವು ಸಾವುಗಳನ್ನು ತಪ್ಪಿಸಿತು. ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 2019ರಲ್ಲಿ 1.51 ಲಕ್ಷ, 2020ರಲ್ಲಿ 1.32 ಲಕ್ಷ. ನ್ಯೂಜಿಲೆಂಡಿನಲ್ಲಂತೂ 2020ರ ಹೆಚ್ಚುವರಿ ಸಾವು ಋಣ ಸಂಖ್ಯೆ!

ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಭಾರತದ ಎರಡು ವರ್ಷಗಳ ಹೆಚ್ಚುವರಿ ಸಾವನ್ನು 47 ಲಕ್ಷವೆಂದು ಅಂದಾಜಿಸಿತು. ಅದರ ವ್ಯಾಪ್ತಿ 33ರಿಂದ 65 ಲಕ್ಷ. 17 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಅಂಕಿಗಳಿಂದ ಗಣಿತ ಮಾದರಿ ಕಟ್ಟಿ ದೇಶಕ್ಕೆ ವಿಸ್ತರಿಸಿದ ಲೆಕ್ಕವದು. ಭಾರತ ಸರ್ಕಾರ ಆ ವಿಧಾನವನ್ನು ಒಪ್ಪಲಿಲ್ಲ. ಪೆರು ದೇಶ ಬೇರೆ ದಾರಿ ಹಿಡಿಯಿತು. ತನ್ನ ದಾಖಲೆಗಳನ್ನು ತಾನೇ ಮರುಪರಿಶೀಲಿಸಿ, 2021ರ ಮೇ ಕೊನೆಯಲ್ಲಿ ಸುಮಾರು 69 ಸಾವಿರವಿದ್ದ ಕೋವಿಡ್ ಸಾವಿನ ಸಂಖ್ಯೆಯನ್ನು 1.8 ಲಕ್ಷಕ್ಕೆ ತಿದ್ದಿತು.

ಒಟ್ಟು ಎಷ್ಟೆಂದು ಹೇಳಬಲ್ಲ ಈ ವಿಧಾನ, ಯಾರೆಂದು ಹೇಳಲಾರದು. ಭಾರತದಲ್ಲಿ ಮೃತರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ನಿಗದಿಯಾದಾಗ ಇದು ಎದ್ದು ಕಂಡಿತು. ಮರಣಪತ್ರದಲ್ಲಿ ಕೋವಿಡ್ ಎಂದಿಲ್ಲವೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ಹೇಳಿತು. ಆದರೂ ಸೋಂಕು ತಗಲಿತ್ತೆಂಬುದಕ್ಕೆ ಪರೀಕ್ಷೆಯದೋ ವೈದ್ಯರದೋ ದಾಖಲೆ ಬೇಕೇ ಬೇಕಿತ್ತು. ಅದಿಲ್ಲದ ಮನೆಗಳ ಸಾವು ಹೆಚ್ಚುವರಿ ಲೆಕ್ಕದಲ್ಲಿ ಸೇರಲು ಕನಿಷ್ಠ ನೋಂದಣಿಯಾದರೂ ಆಗಬೇಕು. ಅದಕ್ಕೆ ಕಾನೂನು ಕೊಟ್ಟಿರುವ ಅವಧಿ 21 ದಿನ. ವರ್ಷ ಕಳೆದ ಮೇಲೂ ಮ್ಯಾಜಿಸ್ಟ್ರೇಟರ ಆದೇಶ ಪಡೆದು ನೋಂದಾಯಿಸಲು ಅವಕಾಶವಿದೆ.